ಚಿನ್ನದ ದಾರಿಯಲ್ಲಿ ಒಂದು ದಿನ: ಸ್ಕ್ಯಾಗ್ವೇಯಿಂದ ಎಮರಾಲ್ಡ್ ಸರೋವರದವರೆಗೆ

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳು ಊರಿನಿಂದ ಬಂದ ತಂದೆ ತಾಯಿಯರನ್ನು ಅಲಾಸ್ಕಾದ ಹಡಗು ಪ್ರವಾಸಕ್ಕೆ ಕರೆದೊಯ್ಯುವುದು ಈಗ ಅಪರೂಪವೇನಲ್ಲ. ಆ ಪ್ರವಾಸದಲ್ಲಿ ಅನೇಕ ಹಡಗುಗಳು ಒಂದು ದಿನ ಸ್ಕ್ಯಾಗ್ವೇ ಎಂಬ ಪುಟ್ಟ ಬಂದರಿನಲ್ಲಿ ನಿಲ್ಲುತ್ತವೆ. ಬೆಳಿಗ್ಗೆ ಇಳಿದವರಲ್ಲಿ ಹೆಚ್ಚಿನವರು ರೈಲು ಹತ್ತಿ, ಬೆಟ್ಟದ ತುದಿಯವರೆಗೆ ಹೋಗಿ, ಮಧ್ಯಾಹ್ನಕ್ಕೆ ಮೊದಲೇ ಹಿಂದಿರುಗಿ, ಉಳಿದ ಹೊತ್ತನ್ನು ಅಂಗಡಿಗಳಲ್ಲಿ ಕಳೆಯುತ್ತಾರೆ. ಬೆಟ್ಟದ ತುದಿಯಲ್ಲೇ ತಿರುಗಿಬಿಡಬೇಡಿ, ಗಡಿ ದಾಟಿ ಕೆನಡಾದ ಯೂಕಾನ್ ಪ್ರಾಂತ್ಯದ ಕಾರ್‌ಕ್ರಾಸ್ ಎಂಬ ಹಳ್ಳಿಯವರೆಗೆ, ಸಾಧ್ಯವಾದರೆ ಅದರಾಚೆಯ ಎಮರಾಲ್ಡ್ ಸರೋವರದವರೆಗೆ ಹೋಗಿ ಬನ್ನಿ ಎಂದು ಹೇಳುವುದಕ್ಕಾಗಿಯೇ ಈ ಲೇಖನ. ಸ್ಕ್ಯಾಗ್ವೇಯಲ್ಲಿ ಕಾಣುವುದು ಚಿನ್ನಕ್ಕಾಗಿ ಬಂದವರ ಕತೆ. ಆ ಚಿನ್ನವನ್ನು ಮೊದಲು ಕಂಡವರ ಊರು ಇರುವುದು ಬೆಟ್ಟದ ಆಚೆಗೆ.

ಹೊರಡುವ ಮೊದಲು ತಿಳಿದಿರಬೇಕಾದಷ್ಟು ಇತಿಹಾಸ

ಮಾರ್ಗದರ್ಶಿಯ ವಿವರಣೆ ಚಲಿಸುವ ಬಸ್ಸಿನಲ್ಲಿ, ಗಾಜಿನಾಚೆಯ ನೋಟಗಳ ನಡುವೆ ತುಂಡು ತುಂಡಾಗಿ ಕಿವಿಗೆ ಬೀಳುತ್ತದೆ. ಕತೆಯ ಎಳೆಯನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡು ಹೋದವರಿಗೆ ಆ ತುಂಡುಗಳು ತಾವಾಗಿಯೇ ಜೋಡಿಕೊಳ್ಳುತ್ತವೆ.

1896ರ ಆಗಸ್ಟ್‌ನಲ್ಲಿ, ಇಂದಿನ ಡಾಸನ್ ನಗರದ ಸಮೀಪ ಕ್ಲಾಂಡೈಕ್ ನದಿಗೆ ಸೇರುವ ರ‍್ಯಾಬಿಟ್ ಕ್ರೀಕ್ ಎಂಬ ಹಳ್ಳದಲ್ಲಿ ಚಿನ್ನ ಸಿಕ್ಕಿತು. ಅಲ್ಲಿದ್ದವರು ಟ್ಯಾಗಿಶ್ ಜನಾಂಗದ ಕೇಶ್, ಅವನ ಅಕ್ಕನ ಮಗ ಕಾ ಗೂಖ್, ಕೇಶ್‌ನ ಒಡಹುಟ್ಟಿದ ಶಾವ್ ಟ್ಲಾ ಮತ್ತು ಆಕೆಯ ಗಂಡನಾದ ಜಾರ್ಜ್ ಕಾರ್ಮ್ಯಾಕ್ ಎಂಬ ಅಮೆರಿಕನ್. ಹೊರಜಗತ್ತು ಮೊದಲ ಮೂವರನ್ನು ಸ್ಕೂಕಮ್ ಜಿಮ್, ಡಾಸನ್ ಚಾರ್ಲಿ, ಕೇಟ್ ಕಾರ್ಮ್ಯಾಕ್ ಎಂದು ಕರೆಯಿತು. ಆ ಹಳ್ಳಕ್ಕೆ ಬೊನಾನ್ಜಾ ಎಂಬ ಹೊಸ ಹೆಸರು ಬಂತು. ಸುದ್ದಿ ಹೊರಗೆ ತಲುಪಲು ಸುಮಾರು ಒಂದು ವರ್ಷವೇ ಹಿಡಿಯಿತು. 1897ರ ಜುಲೈನಲ್ಲಿ ಎಕ್ಸೆಲ್ಸಿಯರ್ ಹಡಗು ಸ್ಯಾನ್ ಫ್ರಾನ್ಸಿಸ್ಕೋಗೂ ಪೋರ್ಟ್‌ಲ್ಯಾಂಡ್ ಹಡಗು ಸಿಯಾಟಲ್‌ಗೂ ಚಿನ್ನ ಹೊತ್ತು ಬಂದಾಗ, ಆರ್ಥಿಕ ಮುಗ್ಗಟ್ಟಿನಿಂದ ಬಸವಳಿದಿದ್ದ ಅಮೆರಿಕದಲ್ಲಿ ಜನ ಕೆಲಸ ಬಿಟ್ಟು, ಸಾಲ ಮಾಡಿ, ಉತ್ತರಕ್ಕೆ ಮುಖ ಮಾಡಿದರು. ಸುಮಾರು ಒಂದು ಲಕ್ಷ ಜನ ಹೊರಟರೆಂದೂ ಅವರಲ್ಲಿ 30ರಿಂದ 40 ಸಾವಿರ ಮಂದಿ ಮಾತ್ರ ಕ್ಲಾಂಡೈಕ್ ತಲುಪಿದರೆಂದೂ ಇತಿಹಾಸಕಾರರು ಅಂದಾಜಿಸುತ್ತಾರೆ. ಅಷ್ಟು ಹೊತ್ತಿಗೆ ಒಳ್ಳೆಯ ನೆಲವೆಲ್ಲ ಮೊದಲೇ ಅಲ್ಲಿದ್ದವರ ಪಾಲಾಗಿತ್ತು.

ಸಮುದ್ರದಿಂದ ಒಳನಾಡಿಗೆ ಎರಡು ಮುಖ್ಯ ಕಾಲುದಾರಿಗಳಿದ್ದವು. ಡಾಯಿ ಎಂಬ ಊರಿನಿಂದ ಹೊರಟು ಚಿಲ್ಕೂಟ್ ಕಣಿವೆಯ ಮೂಲಕ ಹೋಗುವ 53 ಕಿ.ಮೀ. ದಾರಿ ಒಂದು, ಸ್ಕ್ಯಾಗ್ವೇಯಿಂದ ವೈಟ್ ಪಾಸ್ ದಾಟುವ ದಾರಿ ಇನ್ನೊಂದು. ಗಡಿಯಲ್ಲಿ ಕೆನಡಾದ ಅಶ್ವಾರೋಹಿ ಪೊಲೀಸರು ಒಂದು ವರ್ಷಕ್ಕೆ ಸಾಲುವಷ್ಟು ಆಹಾರ ಇಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. ಹಿಟ್ಟು, ಬೇಳೆಕಾಳು, ಬೇಕನ್, ಸಕ್ಕರೆ, ಡೇರೆ, ಗುದ್ದಲಿ, ಗರಗಸ ಎಲ್ಲ ಸೇರಿ ತಲೆಗೆ ಸುಮಾರು ಒಂದು ಟನ್ ಭಾರವಾಗುತ್ತಿತ್ತು. ಕೂಲಿ ಕೊಡಲು ಹಣವಿಲ್ಲದವನು ಅದನ್ನು ತನ್ನ ಬೆನ್ನ ಮೇಲೆಯೇ ಸಾಗಿಸಬೇಕು. ಒಂದು ಸಲಕ್ಕೆ 25 ಕಿಲೋ ಹೊತ್ತರೆ ಒಂದು ಟನ್‌ಗೆ ನಲವತ್ತು ಸಲ ಹೋಗಬೇಕು. ಪ್ರತಿ ಸಲವೂ ಬರಿಗೈಯಲ್ಲಿ ಹಿಂದಿರುಗಿ ಮತ್ತೆ ಹೊರಬೇಕು. ಇಡೀ ದಿನ ನಿಮ್ಮ ಮನಸ್ಸಿನಲ್ಲಿ ಇರಬೇಕಾದ ಲೆಕ್ಕ ಇದು. ಕಿಟಕಿಯಾಚೆ ಕಾಣುವ ಪ್ರತಿಯೊಂದು ಏರನ್ನೂ ಈ ನಲವತ್ತರಿಂದ ಗುಣಿಸಿ ನೋಡಿ.

ಯಾವ ಪ್ರವಾಸವನ್ನು ಆರಿಸಬೇಕು

ಇಲ್ಲಿ ಮೂರು ಬಗೆಯ ಪ್ರವಾಸಗಳು ದೊರೆಯುತ್ತವೆ. ರೈಲಿನಲ್ಲೇ ಶಿಖರಕ್ಕೆ ಹೋಗಿ, ಕೆಳಗಿಳಿಯದೆ, ರೈಲಿನಲ್ಲೇ ಹಿಂದಿರುಗುವುದು ಮೊದಲನೆಯದು. ಬಸ್ಸಿನಲ್ಲೇ ಯೂಕಾನ್‌ಗೆ ಹೋಗಿ ಬರುವುದು ಎರಡನೆಯದು. ಒಂದು ಕಡೆಗೆ ರೈಲು, ಇನ್ನೊಂದು ಕಡೆಗೆ ಬಸ್ಸು ಇರುವ ಜೋಡಿ ಪ್ರವಾಸ ಮೂರನೆಯದು. ದರ ಹೆಚ್ಚಾದರೂ ನಾನು ಮೂರನೆಯದನ್ನೇ ಆರಿಸುವಂತೆ ಹೇಳುತ್ತೇನೆ. ಕಣಿವೆಯ ಒಂದು ಬದಿಯಲ್ಲಿ ರೈಲು, ಎದುರು ಬದಿಯಲ್ಲಿ ಹೆದ್ದಾರಿ ಸಾಗುವುದರಿಂದ, ಹೋಗುವಾಗ ನೀವು ಕುಳಿತಿದ್ದ ಹಳಿಯನ್ನು ಬರುವಾಗ ದೂರದಿಂದ, ಬಂಡೆಯ ಮೇಲೆ ಎಳೆದ ಗೆರೆಯಂತೆ ಕಾಣುತ್ತೀರಿ. ಸಣ್ಣ ಮಕ್ಕಳಿರುವ ಅಥವಾ ಹೆಚ್ಚು ಹೊತ್ತು ಕೂರಲಾಗದ ಹಿರಿಯರಿರುವ ಕುಟುಂಬಕ್ಕೆ ಮಾತ್ರ ಮೊದಲನೆಯದೇ ಸೂಕ್ತ. ಎಮರಾಲ್ಡ್ ಸರೋವರದವರೆಗೆ ರಸ್ತೆಯಲ್ಲಿ ಸುಮಾರು 118 ಕಿ.ಮೀ.; ನಿಲುಗಡೆಗಳನ್ನು ಸೇರಿಸಿದರೆ ಹೋಗಿ ಬರಲು ದಿನದ ಬಹುಭಾಗ ಬೇಕು.

ಕಾಯ್ದಿರಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿ: ಕಾರ್‌ಕ್ರಾಸ್ ಊರಿನೊಳಗೆ ಎಷ್ಟು ಹೊತ್ತು ನಿಲ್ಲುತ್ತಾರೆ, ಊಟ ಸೇರಿದೆಯೇ, ಹಡಗು ಹೊರಡುವುದಕ್ಕೆ ಎಷ್ಟು ಮೊದಲು ಬಂದರಿಗೆ ಮುಟ್ಟಿಸುತ್ತಾರೆ. ಮೊದಲನೆಯ ಪ್ರಶ್ನೆ ಮುಖ್ಯ. ಕೆಲವು ಪ್ರವಾಸಗಳು ಊಟಕ್ಕೆ ಊರ ಹೊರಗಿನ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲಿಸಿ, ಊರನ್ನು ಹತ್ತೇ ನಿಮಿಷದಲ್ಲಿ ತೋರಿಸಿ ಮುಗಿಸುತ್ತವೆ.

ಪಾಸ್‌ಪೋರ್ಟ್ ಮತ್ತು ವೀಸಾ

ಭಾರತದ ಪಾಸ್‌ಪೋರ್ಟ್ ಹೊಂದಿದವರು ಅತ್ಯಂತ ಎಚ್ಚರ ವಹಿಸಬೇಕಾದ ವಿಷಯ ಇದು. ಬೆಟ್ಟದಾಚೆಗೆ ಹೋಗುವುದೆಂದರೆ ಕೆನಡಾ ದೇಶವನ್ನು ಪ್ರವೇಶಿಸುವುದು. ಎರಡು ಗಂಟೆಗೆ ಹೋಗಿ ಬಂದರೂ ನಿಯಮದಲ್ಲಿ ರಿಯಾಯಿತಿ ಇಲ್ಲ. ಪ್ರವಾಸಿ ವೀಸಾದಲ್ಲಿ ಅಮೆರಿಕಕ್ಕೆ ಬಂದಿರುವ ತಂದೆ ತಾಯಿಯರಿಗೂ ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುತ್ತಿರುವವರಿಗೂ ಕೆನಡಾದ ಸಂದರ್ಶಕ ವೀಸಾ ಬೇಕೇ ಬೇಕು. ಅಮೆರಿಕದ ಗ್ರೀನ್ ಕಾರ್ಡ್ ಇರುವವರಿಗೆ ಆ ವೀಸಾ ಬೇಡ, ಆದರೆ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಎರಡೂ ಕೈಯಲ್ಲಿರಬೇಕು. ಹಡಗು ವ್ಯಾಂಕೂವರ್‌ನಿಂದ ಹೊರಟಿದ್ದರೆ ನೀವು ಈಗಾಗಲೇ ಒಮ್ಮೆ ಕೆನಡಾದಿಂದ ಹೊರಬಿದ್ದಿರುತ್ತೀರಿ. ಆದ್ದರಿಂದ ವೀಸಾ ಬಹುಪ್ರವೇಶದ್ದೇ ಎಂಬುದನ್ನು ನೋಡಿಕೊಳ್ಳಿ. ಸಂಜೆ ಅಮೆರಿಕಕ್ಕೆ ಮರಳಿ ಬರುವಾಗಲೂ ತಪಾಸಣೆ ಇರುತ್ತದೆ. ಅಮೆರಿಕದ ವೀಸಾ ಮುದ್ರೆಯ ಅವಧಿ ಮುಗಿದಿರುವವರು, ಕಾನೂನು ತಿಳಿದವರನ್ನು ಕೇಳದೆ ಈ ಗಡಿಯನ್ನು ದಾಟಬಾರದು. ಪಾಸ್‌ಪೋರ್ಟನ್ನು ಹಡಗಿನ ಕೋಣೆಯ ತಿಜೋರಿಯಲ್ಲೇ ಬಿಟ್ಟು ಇಳಿದವರು ಬಸ್ಸಿನ ಬಾಗಿಲಿನಿಂದಲೇ ಹಿಂದಿರುಗಬೇಕಾಗುತ್ತದೆ. ಹಿಂದಿನ ರಾತ್ರಿಯೇ ಅದನ್ನು ಚೀಲದೊಳಗೆ ಇಡಿ.

ಜೊತೆಗೆ ಒಯ್ಯಬೇಕಾದದ್ದು

ಒಂದೇ ದಿನದಲ್ಲಿ ನೀವು ಮೂರು ಬಗೆಯ ಹವೆಯನ್ನು ದಾಟುತ್ತೀರಿ. ಸ್ಕ್ಯಾಗ್ವೇಯಲ್ಲಿ ಗಾಳಿ ಮತ್ತು ತುಂತುರು, ಶಿಖರದಲ್ಲಿ ಮಂಜು ಮತ್ತು ಚಳಿ, ಬೆಟ್ಟದಾಚೆಗೆ ಹೆಚ್ಚಾಗಿ ಒಣ ಬಿಸಿಲು. ಸಮುದ್ರದ ಮೋಡಗಳು ಕರಾವಳಿಯ ಬೆಟ್ಟಕ್ಕೆ ಬಡಿದು ಈ ಬದಿಯಲ್ಲೇ ಸುರಿದುಬಿಡುತ್ತವೆ. ಆಗುಂಬೆಯಲ್ಲಿ ಸುರಿದು ಚಿತ್ರದುರ್ಗವನ್ನು ಬರಿದಾಗಿ ಬಿಡುವ ನಮ್ಮ ಮುಂಗಾರಿನ ರೀತಿಯೇ ಇದು. ಆದ್ದರಿಂದ ಒಂದೇ ದಪ್ಪ ಕೋಟಿಗಿಂತ ಒಂದರ ಮೇಲೊಂದು ತೊಡುವ ಮೂರು ಪದರ ಒಳ್ಳೆಯದು: ಒಳಗೆ ಹತ್ತಿಯಲ್ಲದ ಅಂಗಿ, ನಡುವೆ ಉಣ್ಣೆ, ಮೇಲೆ ಮಳೆಗೂ ಗಾಳಿಗೂ ತಡೆಯಾಗುವ ಜಾಕೆಟ್. ಸೀರೆ ಉಡುವ ತಾಯಂದಿರು ಒಳಗೆ ಉಣ್ಣೆಯ ಕಾಲುಚೀಲ, ಹೊರಗೆ ಹಿಡಿತವಿರುವ ಶೂ ಹಾಕಿಕೊಂಡರೆ ಸಾಕು. ಹೆಚ್ಚು ನಡೆಯುವ ಪ್ರಮೇಯ ಇಲ್ಲ. ಬೇಸಿಗೆಯಲ್ಲಿ ಸೊಳ್ಳೆಯ ಮುಲಾಮು ಬೇಕಾಗುತ್ತದೆ.

ಸಸ್ಯಾಹಾರಿಗಳು ಊಟದ ವಿಷಯವನ್ನು ಕಾಯ್ದಿರಿಸುವಾಗಲೇ ತಿಳಿಸಬೇಕು; ಇಲ್ಲಿ ಸುಟ್ಟ ಕೋಳಿಮಾಂಸವೇ ಸಾಮಾನ್ಯ ಊಟ. ಚಪಾತಿ, ಚಟ್ನಿಪುಡಿ ಇದ್ದರೆ ನಿಶ್ಚಿಂತೆ. ಹಣ್ಣು, ತರಕಾರಿ, ಮಾಂಸ ಮಾತ್ರ ಬೇಡ. ಗಡಿಯಲ್ಲಿ ಅವುಗಳ ಮೇಲೆ ನಿರ್ಬಂಧಗಳಿವೆ, ಒಂದು ಸೇಬಿಗಾಗಿ ಇಡೀ ಬಸ್ಸು ಕಾಯುವಂತಾಗಬಾರದು.

ಬೆಳಿಗ್ಗೆ: ಊರು, ನಂತರ ರೈಲು

ರೈಲಿಗೆ ಅರ್ಧ ಗಂಟೆ ಉಳಿದಿದ್ದರೂ ಎರಡನೇ ಅವೆನ್ಯೂ ಮತ್ತು ಬ್ರಾಡ್‌ವೇ ಕೂಡುವಲ್ಲಿರುವ ರಾಷ್ಟ್ರೀಯ ಉದ್ಯಾನದ ಮಾಹಿತಿ ಕೇಂದ್ರಕ್ಕೆ ಹೋಗಿ. ಅದು 1898ರ ಹಳೆಯ ರೈಲು ನಿಲ್ದಾಣ. ಒಳಗೆ ಹೋಗಲು ಶುಲ್ಕವಿಲ್ಲ. ಒಂದು ಟನ್ ಸಾಮಾನು ಎಂದರೆ ಎಷ್ಟು ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಬ್ರಾಡ್‌ವೇಯಲ್ಲಿ ಸ್ವಲ್ಪ ಮುಂದೆ ಆರ್ಕ್ಟಿಕ್ ಬ್ರದರ್‌ಹುಡ್ ಎಂಬ ಸಂಘದ ಕಟ್ಟಡವಿದೆ. ಅದರ ಮುಂಗೋಡೆಯನ್ನು ಕಡಲತೀರಕ್ಕೆ ತೇಲಿಬಂದ ಎಂಟು ಸಾವಿರಕ್ಕೂ ಹೆಚ್ಚು ಕಟ್ಟಿಗೆಯ ತುಂಡುಗಳನ್ನು ಜೋಡಿಸಿ ಮಾಡಿದ್ದಾರೆ.

ವೈಟ್ ಪಾಸ್ ರೈಲಿನಲ್ಲಿ ಮೇಲೇರುವಾಗ ಎಡಬದಿಯ ಕಿಟಕಿಗೆ ಕೂರಿ. ಆಳ ಕಣಿವೆ, ಜಲಪಾತ, ಹಳೆಯ ಕಾಲುದಾರಿ ಎಲ್ಲವೂ ಹೆಚ್ಚಾಗಿ ಆ ಬದಿಯಲ್ಲೇ ಕಾಣುತ್ತವೆ. ಹಳಿಗಳ ನಡುವಿನ ಅಂತರ ಕೇವಲ ಮೂರು ಅಡಿ. ನಮ್ಮ ಹಿಂದಿನ ಮೀಟರ್ ಗೇಜ್‌ಗಿಂತಲೂ ಕಿರಿದು. ಬಂಡೆಯನ್ನು ಎಷ್ಟು ಕಡಿಮೆ ಒಡೆದರೆ ಖರ್ಚು ಅಷ್ಟು ಕಡಿಮೆ, ತಿರುವು ಅಷ್ಟು ಬಿಗಿಯಾಗಿಸಬಹುದು ಎಂಬುದೇ ಇದರ ಹಿಂದಿನ ಕಾರಣ. 1898ರ ಮೇ ತಿಂಗಳಲ್ಲಿ ಕೆಲಸ ಆರಂಭವಾಗಿ, 1899ರ ಫೆಬ್ರವರಿಯಲ್ಲಿ ಹಳಿ ಶಿಖರವನ್ನು ಮುಟ್ಟಿತು. ಚಳಿಗಾಲದ ನಡುವೆ ಹಗ್ಗಕ್ಕೆ ಜೋತುಬಿದ್ದು ಬಂಡೆಗೆ ಸಿಡಿಮದ್ದು ತುಂಬಿದವರ ಕೆಲಸ ಅದು. ಸಮುದ್ರಮಟ್ಟದಿಂದ ಹೊರಟ ರೈಲು ಸುಮಾರು 32 ಕಿ.ಮೀ.ಯಲ್ಲಿ 2,865 ಅಡಿ ಎತ್ತರಕ್ಕೆ ಏರುತ್ತದೆ. ದಾರಿಯಲ್ಲಿ ಒಂದು ದೊಡ್ಡ ಬಂಡೆಯ ಬಳಿ ಕಪ್ಪು ಶಿಲುಬೆ ಕಾಣುತ್ತದೆ. 1898ರ ಆಗಸ್ಟ್‌ನಲ್ಲಿ ಸಿಡಿಮದ್ದಿನಿಂದ ಉರುಳಿದ ಆ ಬಂಡೆಯ ಅಡಿಯಲ್ಲಿ ಸಿಲುಕಿದ ಇಬ್ಬರು ಕೆಲಸಗಾರರನ್ನು ಹೊರತೆಗೆಯಲಾಗಲಿಲ್ಲ. ಅವರು ಅಲ್ಲೇ ಮಣ್ಣಾದರು.

ಶಿಖರ ಹತ್ತಿರವಾಗುತ್ತಿದ್ದಂತೆ ಕ್ಯಾಮೆರಾವನ್ನು ಕೆಳಗಿಟ್ಟು ಹಳಿಯ ಪಕ್ಕದ ಇಳಿಜಾರನ್ನು ದಿಟ್ಟಿಸಿ ನೋಡಿ. ಕಲ್ಲುಗಳ ನಡುವೆ, ಒಬ್ಬರ ಹಿಂದೆ ಒಬ್ಬರು ಮಾತ್ರ ನಡೆಯಬಹುದಾದಷ್ಟು ಅಗಲದ, ಸವೆದ ಒಂದು ಪಟ್ಟಿ ಕಾಣುತ್ತದೆ. ನಮ್ಮ ಹೊಲದ ಬದುವಿನಷ್ಟೇ ಅಗಲ. ಅದೇ 1898ರ ಕಾಲುದಾರಿ. ಹೊರೆ ಹೊತ್ತ ಕುದುರೆಗಳು ಆ ಪಟ್ಟಿಯ ಮೇಲೆ ಸಾಲುಗಟ್ಟಿ ಏರುತ್ತಿದ್ದವು. ಮುಂದಿನದು ನಿಂತರೆ ಹಿಂದಿನವೆಲ್ಲ ಬೆನ್ನ ಮೇಲಿನ ಭಾರದೊಂದಿಗೇ ಗಂಟೆಗಟ್ಟಲೆ ನಿಲ್ಲಬೇಕಾಗುತ್ತಿತ್ತು. ಸುಮಾರು 3,000 ಪ್ರಾಣಿಗಳು ಈ ದಾರಿಯಲ್ಲಿ ಸತ್ತವು, ಮತ್ತು ಆ ಕಣಿವೆಗೆ ಇಂದಿಗೂ ಸತ್ತ ಕುದುರೆಗಳ ಕಮರಿ ಎಂಬ ಅರ್ಥದ ಹೆಸರೇ ಉಳಿದಿದೆ. ಮಾರ್ಗದರ್ಶಿ ಇಲ್ಲಿ ಸುಮ್ಮನಾದರೆ ನೀವೂ ಒಂದು ಗಳಿಗೆ ಸುಮ್ಮನಿರಿ.

ಗಡಿಯ ಆಚೆ

ಫ್ರೇಸರ್ ಎಂಬಲ್ಲಿ ಕೆನಡಾದ ತಪಾಸಣೆ ಮುಗಿಸಿ ಬಸ್ಸಿಗೆ ಬದಲಾಗುತ್ತೀರಿ. ಕೈಗಡಿಯಾರವನ್ನು ಗಮನಿಸಿ: ಬೇಸಿಗೆಯಲ್ಲಿ ಯೂಕಾನ್ ಸಮಯ ಅಲಾಸ್ಕಾಗಿಂತ ಒಂದು ಗಂಟೆ ಮುಂದಿರುತ್ತದೆ, ಮೊಬೈಲ್ ತಾನಾಗಿಯೇ ಬದಲಾಗುತ್ತದೆ. ಹಡಗಿಗೆ ಮರಳುವ ಲೆಕ್ಕವನ್ನು ಮಾತ್ರ ಹಡಗಿನ ಸಮಯದಲ್ಲೇ ಇಟ್ಟುಕೊಳ್ಳಿ.

ಇಲ್ಲಿಂದ ಮುಂದಿನ ನೆಲವನ್ನು ನೋಡಿದವರಿಗೆ ಮೊದಲು ಇದೇನು ಬರಡು ಎನಿಸಬಹುದು. ಹಿಮನದಿಗಳು ತಿಕ್ಕಿ ನುಣುಪಾಗಿಸಿದ ಬೂದು ಬಂಡೆ, ಅದರ ತಗ್ಗುಗಳಲ್ಲಿ ನಿಂತ ಸಣ್ಣ ಸಣ್ಣ ಕೊಳಗಳು, ಮೊಣಕಾಲೆತ್ತರಕ್ಕೆ ಬೆಳೆದು ಗಾಳಿಗೆ ಬಾಗಿ ನಿಂತ ಮರಗಳು. ಆ ಗಿಡ್ಡ ಮರಗಳು ಸಸಿಗಳಲ್ಲ, ಹಲವು ದಶಕಗಳ ವಯಸ್ಸಿನವು. ವರ್ಷದಲ್ಲಿ ಕೆಲವೇ ವಾರ ಬೆಳೆಯಲು ಅವಕಾಶವಿರುವಲ್ಲಿ ಮರ ಹೀಗೆಯೇ ಬೆಳೆಯಬೇಕು. ಆಮೇಲೆ ಟುಟ್ಶಿ ಸರೋವರದ ಉದ್ದಕ್ಕೂ ಹಾದು, ಟ್ಯಾಗಿಶ್ ಸರೋವರದ ವಿಂಡಿ ಆರ್ಮ್ ಎಂಬ ತೋಳಿನ ಮೇಲಿಂದ ಬೋವ್ ದ್ವೀಪವನ್ನು ನೋಡುವ ನಿಲುಗಡೆ ಬರುತ್ತದೆ. ಇಡೀ ದಿನದ ಅತ್ಯುತ್ತಮ ದೂರನೋಟ ಇದೇ. ದಾರಿಬದಿಯಲ್ಲಿ ಕರಡಿ ಕಂಡರೆ ಬಸ್ಸಿನೊಳಗಿಂದಲೇ ನೋಡಿ. ಚಿತ್ರಕ್ಕಾಗಿ ಬಾಗಿಲು ತೆರೆಯಿರೆಂದು ಚಾಲಕರನ್ನು ಒತ್ತಾಯಿಸಬೇಡಿ.

ಕಾರ್‌ಕ್ರಾಸ್

ಬೆನೆಟ್ ಮತ್ತು ನಾರೆಸ್ ಸರೋವರಗಳ ನಡುವಿನ ಕಿರಿದಾದ ನೀರಿನ ಬಳಿ ಕ್ಯಾರಿಬೂ ಜಿಂಕೆಗಳು ಹಿಂಡುಹಿಂಡಾಗಿ ದಾಟುತ್ತಿದ್ದುದರಿಂದ ಈ ಊರಿಗೆ ಕ್ಯಾರಿಬೂ ಕ್ರಾಸಿಂಗ್ ಎಂಬ ಹೆಸರಿತ್ತು. ಅದೇ ಹೆಸರಿನ ಬೇರೆ ಊರುಗಳಿಂದಾಗಿ ಅಂಚೆ ದಾರಿ ತಪ್ಪುತ್ತಿದ್ದುದರಿಂದ ಬಿಷಪ್ ಬೊಂಪಾಸ್ ಅವರ ಕೋರಿಕೆಯ ಮೇರೆಗೆ ಅದನ್ನು ಮೊಟಕುಗೊಳಿಸಲಾಯಿತು. ವೈಟ್‌ಹಾರ್ಸ್‌ವರೆಗಿನ ರೈಲುಮಾರ್ಗದ ಕೊನೆಯ ಮೊಳೆಯನ್ನು 1900ರ ಜುಲೈ 29ರಂದು ಹೊಡೆದದ್ದು ಇಲ್ಲಿಯೇ. ಚಿನ್ನದ ಓಟ ಆ ಹೊತ್ತಿಗೆ ತಣ್ಣಗಾಗಿತ್ತು. 1899ರ ಬೇಸಿಗೆಯಲ್ಲೇ ಡಾಸನ್‌ನಿಂದ ಸಾವಿರಾರು ಜನ ಅಲಾಸ್ಕಾದ ನೋಮ್‌ಗೆ ಗುಳೆ ಹೋಗಿದ್ದರು.

ಬಸ್ಸಿಳಿದ ಕೂಡಲೇ ಅಂಗಡಿಗಳಿಗೆ ನುಗ್ಗುವ ಬದಲು ಬೆನೆಟ್ ಸರೋವರದ ಮರಳ ದಂಡೆಗೆ ನಡೆಯಿರಿ; ಐದೇ ನಿಮಿಷದ ದಾರಿ. ಎರಡು ಕಣಿವೆಗಳನ್ನು ದಾಟಿದ ಜನರೆಲ್ಲ 1897–98ರ ಚಳಿಗಾಲವನ್ನು ಈ ಸರೋವರದ ಮೇಲ್ತುದಿಯಲ್ಲಿ, ಸುತ್ತಲಿನ ಕಾಡನ್ನು ಕಡಿದು ದೋಣಿ ಕಟ್ಟುತ್ತಾ ಕಳೆದರು. 1898ರ ಮೇ ಕೊನೆಯಲ್ಲಿ ಹಿಮ ಒಡೆದಾಗ ಕೆಲವೇ ದಿನಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ದೋಣಿಗಳು ಡಾಸನ್ ಕಡೆಗೆ ಹೊರಟವು, ಅಂದರೆ ಎಂಟುನೂರು ಕಿಲೋಮೀಟರಿಗೂ ಹೆಚ್ಚು ದೂರ. ಅವೆಲ್ಲವೂ ಹಾದುಹೋದದ್ದು ನೀವು ನಿಂತ ದಂಡೆಯ ಮುಂದೆಯೇ.

ಈ ಹಳ್ಳಿ ಕಾರ್‌ಕ್ರಾಸ್–ಟ್ಯಾಗಿಶ್ ಎಂಬ ಮೂಲನಿವಾಸಿ ಸಮುದಾಯದ ನೆಲೆ. ಕೇಶ್, ಕಾ ಗೂಖ್, ಶಾವ್ ಟ್ಲಾ ಮೂವರೂ ಕೊನೆಗೆ ಮರಳಿದ್ದು ಇಲ್ಲಿಗೆ. ಕಾ ಗೂಖ್ 1908ರಲ್ಲಿ ಇಲ್ಲಿನ ರೈಲು ಸೇತುವೆಯಿಂದ ಬಿದ್ದು ತೀರಿಕೊಂಡ. ಕೇಶ್ 1916ರಲ್ಲಿ ಸಾಯುವ ಮೊದಲು ತನ್ನ ಹಣದ ಒಂದು ಭಾಗವನ್ನು ತನ್ನ ಜನರ ಹಿತಕ್ಕಾಗಿ ನಿಧಿಯಾಗಿ ಇರಿಸಿದ. ಗಂಡನಿಂದ ಪರಿತ್ಯಕ್ತಳಾದ ಶಾವ್ ಟ್ಲಾ 1920ರಲ್ಲಿ ತೀರಿಕೊಂಡಳು. ಕೆನಡಾದ ಗಣಿಗಾರಿಕೆಯ ಗೌರವ ಪಟ್ಟಿಯಲ್ಲಿ ಆಕೆಗೆ ಸ್ಥಾನ ಸಿಕ್ಕಿದ್ದು 2019ರಲ್ಲಿ. ಅವಳ ಗಂಡ, ಅಣ್ಣನ ಹೆಸರುಗಳು ಅಲ್ಲಿ ಬಹಳ ಮೊದಲೇ ಇದ್ದವು. ಮಾರ್ಗದರ್ಶಿ ಈ ಮೂವರ ಹೆಸರನ್ನು ಎತ್ತದಿದ್ದರೆ ನೀವೇ ಕೇಳಿ. ಒಳ್ಳೆಯ ಮಾರ್ಗದರ್ಶಿಗೆ ಅಂಥ ಪ್ರಶ್ನೆ ಸಂತೋಷವನ್ನೇ ಕೊಡುತ್ತದೆ. ಆದರೆ ಅವರ ಸಮಾಧಿಗಳನ್ನು ಹುಡುಕಿಕೊಂಡು ಹೋಗಬೇಡಿ. ಸ್ಮಶಾನ ಸಮುದಾಯದ ಖಾಸಗಿ ಜಾಗ. ಅದರ ಬದಲು ಊರ ನಡುವಿನ ಅಂಗಡಿ ಸಾಲಿನ ಗೋಡೆಗಳ ಮೇಲಿನ ಕುಲಚಿಹ್ನೆಗಳನ್ನೂ ಮರದ ಕೆತ್ತನೆಯ ಕಂಬಗಳನ್ನೂ ಸಾವಕಾಶವಾಗಿ ನೋಡಿ, ಕೊಳ್ಳುವುದಿದ್ದರೆ ಇಲ್ಲಿನವರೇ ಮಾಡಿದ ವಸ್ತುವನ್ನು ಕೊಳ್ಳಿ.

ಚಿನ್ನ ಜಾಲಿಸುವ ಬಗೆ

ಕೆಲವು ಪ್ರವಾಸಗಳಲ್ಲಿ ತಟ್ಟೆಯಲ್ಲಿ ಚಿನ್ನ ಜಾಲಿಸಲು ಕಲಿಸುತ್ತಾರೆ. ಕನ್ನಡದ ಅಡುಗೆಮನೆಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಅಕ್ಕಿಯನ್ನು ನೀರಿನಲ್ಲಿ ಜಾಲಿಸಿ ಕಲ್ಲನ್ನು ತಳದಲ್ಲಿ ಉಳಿಸುವ ಕೈಚಳಕವೇ ಇಲ್ಲಿಯೂ ಬೇಕು. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರಿಗೆ ಜಾಲಗಾರರೆಂಬ ಹೆಸರೇ ಇತ್ತು. ತಟ್ಟೆಯನ್ನು ಪೂರ್ತಿ ನೀರಿನೊಳಗೆ ಮುಳುಗಿಸಿ, ಮೊದಲು ಅಡ್ಡಡ್ಡ ಜೋರಾಗಿ ಅಲುಗಿಸಿ. ಮರಳಿಗಿಂತ ಏಳು ಪಟ್ಟು ಭಾರವಾದ ಚಿನ್ನ ತಳಕ್ಕೆ ಇಳಿಯುತ್ತದೆ. ನಂತರ ತಟ್ಟೆಯನ್ನು ಮುಂದಕ್ಕೆ ಓರೆಯಾಗಿಸಿ, ಮೇಲಿನ ಮರಳು ಮಾತ್ರ ನೀರಿನೊಡನೆ ಜಾರುವಂತೆ ಬಿಡಿ. ಕೊನೆಗೆ ಚಿಟಿಕೆಯಷ್ಟು ಕಪ್ಪು ಮರಳು ಉಳಿದಾಗ ಆತುರ ಪಡಬೇಡಿ, ಹಳದಿ ಚೂರುಗಳು ಅಡಗಿರುವುದು ಅದರ ಹಿಂದೆಯೇ. ಕೋಲಾರದಂತೆ ಬಂಡೆಯೊಳಗಿನ ಚಿನ್ನಕ್ಕಾಗಿ ಮೂರು ಕಿಲೋಮೀಟರ್ ಆಳಕ್ಕೆ ಇಳಿಯುವ ಗಣಿಗಾರಿಕೆ ಕ್ಲಾಂಡೈಕ್‌ನಲ್ಲಿ ಇರಲಿಲ್ಲ. ಅಲ್ಲಿನ ಕಷ್ಟ ಬೇರೆ: ವರ್ಷವಿಡೀ ಹೆಪ್ಪುಗಟ್ಟಿದ ನೆಲಕ್ಕೆ ಬೆಂಕಿ ಹಾಕಿ, ಕರಗಿದಷ್ಟು ಅಗೆದು, ಆ ಮಣ್ಣನ್ನು ಗುಡ್ಡೆ ಹಾಕಿ, ವಸಂತದಲ್ಲಿ ನೀರು ಹರಿಯುವವರೆಗೆ ಕಾಯಬೇಕಿತ್ತು.

ಎಮರಾಲ್ಡ್ ಸರೋವರ ಮತ್ತು ಹಿಂದಿರುಗುವ ದಾರಿ

ಕಾರ್‌ಕ್ರಾಸ್‌ನ ಉತ್ತರಕ್ಕೆ ರಸ್ತೆಬದಿಯಲ್ಲೇ ಮರಳುಗಾಡಿನಂಥ ದಿಣ್ಣೆಗಳಿವೆ. ಒಂದು ಚದರ ಮೈಲಿಯಷ್ಟಿರುವ ಇದು ನಿಜವಾದ ಮರುಭೂಮಿಯಲ್ಲ. ಹಿಮಯುಗದ ಒಂದು ಸರೋವರದ ತಳದ ಮರಳು, ಬೆನೆಟ್ ಸರೋವರದ ಕಡೆಯಿಂದ ಗಾಳಿ ಇಂದಿಗೂ ಅದಕ್ಕೆ ಮರಳನ್ನು ತಂದು ಸೇರಿಸುತ್ತದೆ. ಅಲ್ಲಿ ಅಪರೂಪದ ಸಸ್ಯಗಳಿರುವುದರಿಂದ ಹಸಿರಿನ ಮೇಲೆ ಕಾಲಿಡದೆ ಬರಿ ಮರಳಿನ ಮೇಲೆ ನಡೆಯಿರಿ.

ಇನ್ನೂ ಹತ್ತು ನಿಮಿಷ ಮುಂದೆ ಹೋದರೆ ಎಮರಾಲ್ಡ್ ಸರೋವರ. ನೀರಿಗೆ ಬಣ್ಣ ಬೆರೆಸಿದ್ದಾರೇನೋ ಎಂಬಂಥ ಹಸಿರು. ಸುಣ್ಣದ ಅಂಶವಿರುವ ಬಿಳಿ ಕೆಸರು ತಳದಲ್ಲಿ ಹಾಸಿಕೊಂಡಿದ್ದು, ಆಳ ಕಡಿಮೆ ಇರುವಲ್ಲಿ ಬೆಳಕು ಅದರಿಂದ ಪ್ರತಿಫಲಿಸಿ ಹಸಿರಾಗಿ ಕಾಣುತ್ತದೆ. ಆಳವಿರುವ ಕಡೆ ಅದೇ ನೀರು ಕಡುನೀಲಿ. ಮೋಡ ಮುಚ್ಚಿದಾಗ ಬಣ್ಣ ಮಂಕಾಗುವುದರಿಂದ, ಬಿಸಿಲು ಇಣುಕುವವರೆಗೆ ಐದು ನಿಮಿಷ ಕಾಯುವುದು ಲಾಭ.

ಹಿಂದಿರುಗುವಾಗ ಬಸ್ಸಿನಲ್ಲಿ ಬಂದಾಗಿನ ಬದಿಯನ್ನು ಬದಲಿಸಿ ಕೂರಿ. ಶಿಖರ ದಾಟಿ ಇಳಿಯುವಾಗ ಕಣಿವೆಯಾಚೆ ರೈಲು ಹಳಿಯ ಗೆರೆ ಕಾಣುತ್ತದೆ. ಸ್ಕ್ಯಾಗ್ವೇಗೆ 11 ಕಿ.ಮೀ. ಮೊದಲು ಅಮೆರಿಕದ ತಪಾಸಣೆ. ಪಾಸ್‌ಪೋರ್ಟನ್ನು ಕೈಯಲ್ಲೇ ಹಿಡಿದಿರಿ.

ಊರು ಮುಟ್ಟುವ ಹೊತ್ತಿಗೆ ಗಡಿಯಾರ ಒಂದು ಗಂಟೆ ಹಿಂದೆ ಸರಿದಿರುತ್ತದೆ, ಜೂನ್‌ನಲ್ಲಾದರೆ ಕತ್ತಲಾಗಲು ಇನ್ನೂ ಬಹಳ ಹೊತ್ತು ಇರುತ್ತದೆ. ಹಡಗಿಗೆ ಸಮಯವಿದ್ದರೆ ಐದನೇ ಅವೆನ್ಯೂವಿನಲ್ಲಿರುವ ಕ್ಯಾಪ್ಟನ್ ವಿಲಿಯಂ ಮೂರ್ ಅವರ ಮರದ ದಿಮ್ಮಿಯ ಗುಡಿಸಲಿಗೆ ಹೋಗಿ. ಚಿನ್ನ ಸಿಗುವುದಕ್ಕೆ ಒಂಬತ್ತು ವರ್ಷ ಮೊದಲೇ, 1887ರಲ್ಲಿ, ಮೂರ್ ಇಲ್ಲಿ ನೆಲ ಹಿಡಿದು ಕಟ್ಟಿದ ಮನೆ ಅದು. 1897ರಲ್ಲಿ ಬಂದ ಜನಸಾಗರ ಅವರ ಜಮೀನಿನ ಮೇಲೆಯೇ ಬೀದಿಗಳನ್ನು ಎಳೆಯಿತು. 1887ರಲ್ಲಿ ವೈಟ್ ಪಾಸ್ ಮೂಲಕ ಮೂರ್ ಅವರನ್ನು ಬೆಟ್ಟದಾಚೆಗೆ ಕರೆದೊಯ್ದು ದಾರಿ ತೋರಿಸಿದವನು ಕೇಶ್.